ಬಸವರಾಜು ಒತ್ತಿದ ಬಟನ್

ಪೀಣ್ಯ ಎರಡನೇ ಹಂತದ ಒಂದು ಪ್ಯಾಕಿಂಗ್ ಕಾರ್ಖಾನೆಯೊಳಗೆ, ಕನ್ವೇಯರ್ ಬೆಲ್ಟಿನ ಕೊನೆಯ ರೋಲರಿನಿಂದ ಒಂದು ಕಾರು ನಿಲ್ಲುವಷ್ಟು ದೂರದಲ್ಲಿ, ನೆಲಕ್ಕೆ ಬಳಿದ ಹಳದಿ ಗೆರೆಯ ಹೊರಗೆ ನಾನು ನಿಂತಿದ್ದೆ. ಅದು ನಾನು ನಿವೃತ್ತನಾಗುವ ಹಿಂದಿನ ವರ್ಷ. ಆಯುಧಪೂಜೆಯ ರಜೆ ಮುಗಿದು ಕಾರ್ಖಾನೆ ತೆರೆದ ಮೊದಲ ದಿನ, ಬೆಳಗಿನ ಪಾಳಿಯವರು ಟೀ ಕುಡಿದು ಮರಳಿದ ಹೊತ್ತು. ನನ್ನ ಎಡಕ್ಕೆ ನಮ್ಮ ಕಂಪನಿಯ ಚೈತ್ರಾ ಇದ್ದಳು. ಎದುರಿಗೆ, ತುಸು ಬಲಕ್ಕೆ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದ ಒಂದು ಟ್ಯಾಬ್. ಅದರ ಮೂಲೆಯಲ್ಲಿ ಪೂಜೆಯ ಕುಂಕುಮ ಇನ್ನೂ ಇತ್ತು. ಟ್ಯಾಬಿನ ಮುಂದೆ ಆ ಲೈನಿನ ಸೂಪರ್‌ವೈಸರ್ ಬಸವರಾಜು. ನನಗೂ ಆ ಪರದೆಗೂ ನಡುವೆ ಯಾರೂ ಇರಲಿಲ್ಲ. ಮುಂದಿನದೆಲ್ಲ ಇದರ ಮೇಲೆ ನಿಂತಿರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಬೆಲ್ಟಿನ ಕೊನೆಯಲ್ಲಿ ಮಂಜುಳಾ ಎಂಬ ಕೆಲಸಗಾರ್ತಿ ಓರೆಯಾಗಿ ಸಿಕ್ಕಿಕೊಂಡ ರಟ್ಟಿನ ಡಬ್ಬವನ್ನು ನೇರ ಮಾಡಲು ಕೈ ಚಾಚಿದರು. ಅವರ ಕೋಟಿನ ತೋಳು ಬೆಲ್ಟಿಗೂ ರೋಲರಿಗೂ ನಡುವೆ ಹೋಯಿತು. "ಅಣ್ಣಾ, ಕೈ" ಎಂದರು, ಅಷ್ಟೇ. ಬಸವರಾಜು ಪರದೆಯ ಮೇಲಿನ ಕೆಂಪು 'ನಿಲ್ಲಿಸಿ' ಬಟನ್ನನ್ನು ಒತ್ತಿದರು. ಬೆಲ್ಟ್ ನಿಲ್ಲಲಿಲ್ಲ. ಮತ್ತೆ ಒತ್ತಿದರು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ; ಒಂದಕ್ಕಿಂತ ಹೆಚ್ಚು ಎಂದು ಮಾತ್ರ ಪ್ರಮಾಣ ಮಾಡಬಲ್ಲೆ. ಅವರ ತೋರುಬೆರಳಿನ ತುದಿ ಗಾಜಿಗೆ ಒತ್ತಿ ಬೆಳ್ಳಗಾಗಿದ್ದು ನನಗೆ ಕಂಡಿತು. ಬೆಲ್ಟಿನ ಆಚೆ ಬದಿಯಲ್ಲಿದ್ದ ಸಿದ್ದರಾಜು ಎಂಬುವರು ಅಲ್ಲಿ ಉದ್ದಕ್ಕೂ ಕಟ್ಟಿದ್ದ ಸುರಕ್ಷತೆಯ ಹಗ್ಗವನ್ನು ಎಳೆದರು. ಹಗ್ಗಕ್ಕೆ ಕಟ್ಟಿದ್ದ ಪೂಜೆಯ ಚೆಂಡುಹೂಗಳು ಒಣಗಿದ್ದವು, ಉದುರಿದವು. ಬೆಲ್ಟ್ ನಿಂತಿತು. ಮಂಜುಳಾ ಅವರ ಬಲಗೈ ಮಣಿಕಟ್ಟಿನವರೆಗೆ ಒಳಗೆ ಹೋಗಿತ್ತು. ಎರಡು ಬೆರಳು ಮುರಿದವು, ಚರ್ಮ ಸುಲಿಯಿತು, ಕೈ ಉಳಿಯಿತು.

ಬಸವರಾಜು ಒತ್ತಲೇ ಇಲ್ಲ, ಗಾಬರಿಯಲ್ಲಿ ಕಲ್ಲಿನಂತೆ ನಿಂತುಬಿಟ್ಟರು ಎಂಬ ಮಾತು ಆ ದಿನವೇ ಹುಟ್ಟಿತು. ಹುಟ್ಟಿದ ಮಾತು ಸುಳ್ಳೆಂದು ತೀರ್ಮಾನವಾದ ಮೇಲೂ ಸಾಯುವುದಿಲ್ಲ. ಬಸವರಾಜು ಈಚೆಗೆ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರ ತಿಥಿಯ ಊಟಕ್ಕೆ ಹೋಗಿದ್ದಾಗ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು, ನಾನು ಯಾರೆಂದು ತಿಳಿಯದೆ, ಪಾಯಸ ಕಲಸುತ್ತಾ ಹೇಳಿದರು: "ಒಳ್ಳೆ ಮನುಷ್ಯ ಕಣ್ರೀ. ಆದ್ರೆ ಆವತ್ತೊಂದಿನ ಕೈ ಓಡ್ಲಿಲ್ವಂತೆ ಪಾಪ. ಆ ಹೆಂಗಸಿನ ಕೈ ಹೋಗ್ಬಿಡ್ತಿತ್ತಂತೆ." ಬಡಿಸುತ್ತಿದ್ದ ಅವರ ಮಗ ಅಲ್ಲೇ ಎದುರಿಗೆ ಸೌಟು ಹಿಡಿದು ನಿಂತಿದ್ದ. ಪಕ್ಕದವರಿಗೆ ನಾನು ಅಲ್ಲೇ ತಿದ್ದಿ ಹೇಳಿದೆ. ಆದರೆ ಪಂಕ್ತಿಯಲ್ಲಿ ಹೇಳಿದ್ದು ಎಲೆ ಎತ್ತುವವರೆಗೆ. ಹಾಗಾಗಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಬೇಕೆಂಬುದು ಇನ್ನೊಂದು ಆಸೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನೀವು ಮುಟ್ಟುವ ಬಟನ್, ತುಂಬುವ ಚೌಕ, ಇಳಿದು ಬರುವ ಪಟ್ಟಿ, 'ಉಳಿಸಲಾಗಿದೆ' ಎಂದು ಮೂಡಿ ಮಾಯವಾಗುವ ಸಂದೇಶ, ಇವೆಲ್ಲ ಬಿಡಿಬಿಡಿಯಾಗಿ ತಯಾರಾಗುತ್ತವೆ. ಆಮೇಲೆ ಒಂದು ಪರದೆಯಲ್ಲಿ ಕೂಡುತ್ತವೆ. ಅವು ಜನರ ಕೈಗೆ ಹೋಗುವ ಮೊದಲು ಮುಟ್ಟಿ, ಒತ್ತಿ, ಕೆಣಕಿ ನೋಡುವವರು ನಾವು. ನಮ್ಮ ಕೆಲಸ ಚೆನ್ನಾಗಿ ನಡೆದರೆ ಯಾರಿಗೂ ಏನೂ ಕಾಣುವುದಿಲ್ಲ.

ನಾನು ಇದನ್ನು ಕಲಿತದ್ದು ಕಂಪ್ಯೂಟರಿನ ಮುಂದೆ ಅಲ್ಲ. ನಮ್ಮ ತಂದೆ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನಾವು ಬೆಳೆದದ್ದು ಅದರ ಕ್ವಾರ್ಟರ್ಸಿನಲ್ಲಿ. ಐಟಿಐ ಮುಗಿಸಿ ನಾನು ಪೀಣ್ಯದಲ್ಲಿ ಯಂತ್ರಗಳ ಕಂಟ್ರೋಲ್ ಪ್ಯಾನಲ್ ಮಾಡುವ ಕಂಪನಿ ಸೇರಿದೆ. ಅಲ್ಲಿ ಒತ್ತುವ ಸ್ವಿಚ್ಚುಗಳನ್ನು ಪರೀಕ್ಷಿಸುವ ವಿಭಾಗದ ಮೇಲಿನವರು ವೆಂಕಟಾಚಲಯ್ಯ. ಸ್ವಿಚ್ ಒತ್ತಿ ದೀಪ ಹತ್ತಿದರೆ ಪಾಸ್ ಎಂದು ನಾನು ತಿಳಿದಿದ್ದೆ. ಅವರು ನನ್ನ ಬೆರಳಿಗೆ ಗ್ರೀಸ್ ಬಳಿದು, ಕಣ್ಣಿಗೆ ಕರವಸ್ತ್ರ ಕಟ್ಟಿ, "ಈಗ ಒತ್ತಪ್ಪ" ಎಂದರು. ಬೆರಳು ಜಾರಿ ಪಕ್ಕದ ಸ್ವಿಚ್ ಒತ್ತಿತು. ಸುತ್ತ ಇದ್ದವರು ನಕ್ಕರು. "ನೀನು ಬಲ್ಬ್ ನೋಡ್ತಿದೀಯ. ಒತ್ತೋನು ಬಲ್ಬ್ ನೋಡಲ್ಲ, ಮಿಷನ್ ನೋಡ್ತಿರ್ತಾನೆ" ಎಂದರು. ನಾನು ಮುಂದೆ ಕೇಳಿದ ಎಷ್ಟೋ ತರಬೇತಿಗಳ ಮಾತು ಮರೆತಿದ್ದೇನೆ, ಇದು ಮರೆತಿಲ್ಲ.

ಪ್ಯಾನಲ್ಲುಗಳಲ್ಲಿ ಸ್ವಿಚ್ ಹೋಗಿ ಗಾಜಿನ ಪರದೆ ಬಂತು. ಕಂಪನಿ ಕೈ ಬದಲಾಯಿತು. ಪರದೆಯ ವಿಭಾಗವನ್ನು ಕೊಂಡವರು ವೈಟ್‌ಫೀಲ್ಡಿಗೆ ಹೊತ್ತೊಯ್ದರು, ಅದರ ಜೊತೆ ನಮ್ಮಲ್ಲಿ ಕೆಲವರನ್ನೂ. ಅಲ್ಲಿ ನಮ್ಮ ಕೆಲಸ ಕಾರ್ಖಾನೆಗಳಲ್ಲಿ ಬಳಸುವ ಆ್ಯಪ್‌ಗಳದ್ದು. ನನ್ನ ಅರ್ಧ ವಯಸ್ಸಿನವರು ನನಗೆ ಕೋಡ್ ಓದುವುದನ್ನು ಕಲಿಸಿದರು. ನಾಚಿಕೆಯಾಗುವಂತೆ ಯಾರೂ ನಡೆದುಕೊಳ್ಳಲಿಲ್ಲ. ಇದನ್ನು ಕೃತಜ್ಞತೆಯಿಂದ ಬರೆಯುತ್ತೇನೆ.

ನಾನು ಅವರಿಗೆ ಕೊಟ್ಟದ್ದು ಒಂದು ಅಭ್ಯಾಸ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಎಲ್ಲರ ಬಲಗೈ ಸಾರನ್ನದಲ್ಲಿರುತ್ತದೆ, ಫೋನ್ ಎಡಗೈಯಲ್ಲಿ. ಆಗ ಕೆಲಸ ಮಾಡುವುದು ಎಡ ಹೆಬ್ಬೆರಳು ಒಂದೇ. ಒಂದು ಆ್ಯಪಿನಲ್ಲಿ 'ಮುಂದೆ' ಎಂಬ ಬಟನ್ನನ್ನು ವಿನ್ಯಾಸದವರು ಬಲಗಡೆಯ ತುತ್ತತುದಿಗೆ ಇಟ್ಟಿದ್ದರು. ಮೇಜಿನ ಮೇಲೆ ಎಲ್ಲ ಪರೀಕ್ಷೆಯೂ ಪಾಸಾಗಿತ್ತು. ಊಟದಲ್ಲಿ ಯಾರ ಹೆಬ್ಬೆರಳೂ ಅಲ್ಲಿಗೆ ಮುಟ್ಟಲಿಲ್ಲ. ಒಬ್ಬ ಮೂಗಿನಿಂದ ಒತ್ತಿ ತೋರಿಸಿದ. ವಿನ್ಯಾಸದ ಹುಡುಗಿ ನಕ್ಕು ಬಟನ್ನನ್ನು ಉದ್ದ ಮಾಡಿಕೊಟ್ಟಳು. ಆಮೇಲೆ ಹೊಸ ಪರದೆ ಬಂದಾಗಲೆಲ್ಲ "ನಾಗರಾಜ್ ಸಾರ್, ಸಾರು ಟೆಸ್ಟ್ ಆಯ್ತಾ?" ಎಂದು ಕೇಳುವುದು ರೂಢಿಯಾಯಿತು.

ಇನ್ನೊಮ್ಮೆ ಕನ್ನಡದ ಪರದೆ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದರಿಂದ ಕೆಳಗಿನ ಒತ್ತಕ್ಷರಗಳೆಲ್ಲ ಕತ್ತರಿಸಿ ಹೋಗಿದ್ದವು. ಸ್ವಯಂಚಾಲಿತ ಪರೀಕ್ಷೆಗೆ ಅದು ತಿಳಿಯುವುದಿಲ್ಲ. ಪದ ಇದೆಯೇ ಎಂದು ಕೇಳುತ್ತದೆ, ಇದೆ ಎನ್ನುತ್ತದೆ. ಕಣ್ಣಿಟ್ಟು ನೋಡಿದವರಿಗೇ ಕಾಣಬೇಕು. ನಮ್ಮ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ ಗೀತಾ ಮೇಡಂ ಆವತ್ತು ಕನ್ನಡ ಓದಬಲ್ಲವರನ್ನೆಲ್ಲ ಕರೆದು ಒಂದೊಂದು ಪರದೆಯನ್ನೂ ಗಟ್ಟಿಯಾಗಿ ಓದಿಸಿದರು. ನಿಷ್ಠುರದ ಹೆಂಗಸು. ಹೊಗಳುವುದು ಬರುತ್ತಿರಲಿಲ್ಲ. ತಪ್ಪು ಯಾರದೆಂದು ಕೇಳುವ ಅಭ್ಯಾಸವೂ ಇರಲಿಲ್ಲ. ಮತ್ತೆ ಮಾಡಿ ತೋರಿಸಿ ಎನ್ನುತ್ತಿದ್ದರು.

ಈ ಸ್ವಯಂಚಾಲಿತ ಪರೀಕ್ಷೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬಟನ್ನುಗಳನ್ನು ಮನುಷ್ಯರೇ ದಿನವಿಡೀ ಒತ್ತಿ ನೋಡುವ ಕಾಲ ಹೋಗಿತ್ತು. ಒತ್ತುವ ಕೆಲಸವನ್ನು ಪ್ರೋಗ್ರಾಮಿಗೆ ಬರೆದುಕೊಡುತ್ತಿದ್ದೆವು. ಎಲ್ಲ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಕೆಂಪು ಬಂದರೆ ಹೊಸ ಆವೃತ್ತಿ ಹೊರಗೆ ಹೋಗುವಂತಿಲ್ಲ. ಆದರೆ ಪ್ರೋಗ್ರಾಮು ಕೆಲವೊಮ್ಮೆ ಸುಮ್ಮಸುಮ್ಮನೆ ಕೆಂಪು ತೋರಿಸುತ್ತದೆ: ನೆಟ್‌ವರ್ಕ್ ನಿಧಾನವಾದರೆ, ಚಿತ್ರ ಮೂಡುವುದು ತಡವಾದರೆ. ಅದಕ್ಕೊಂದು ಅಡ್ಡದಾರಿಯೂ ಇತ್ತು. 'ಬಟನ್ ಮೇಲೆ ಏನಿದ್ದರೂ ಲೆಕ್ಕಿಸಬೇಡ, ಬಲವಂತವಾಗಿ ಒತ್ತು' ಎಂದು ಒಂದು ಪದ ಸೇರಿಸಿದರೆ ಸಾಕು, ಹಸಿರಾಗುತ್ತದೆ. ಇಡೀ ಕೋಣೆಯಲ್ಲಿ ಅದು ಚಾಲ್ತಿಯಲ್ಲಿತ್ತು. ಹಬ್ಬದ ಹಿಂದಿನ ದಿನ ಊರಿಗೆ ಬಸ್ಸು ಹಿಡಿಯಬೇಕಾದಾಗ ಇನ್ನೂ ಹೆಚ್ಚು.

ಈಗ ಪೀಣ್ಯಕ್ಕೆ ಮರಳುತ್ತೇನೆ.

ಆ ಟ್ಯಾಬಿನಲ್ಲಿದ್ದದ್ದು ನಮ್ಮ ಆ್ಯಪ್. ಹೊಸ ಆವೃತ್ತಿಯನ್ನು ರಜೆಯಲ್ಲಿ ಹಾಕಿದ್ದರು. ಬಳಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಬನ್ನಿ ಎಂದು ನನ್ನನ್ನೂ ಚೈತ್ರಾಳನ್ನೂ ಕಳಿಸಿದ್ದರು. ಪಾಳಿ ಶುರುವಾದಾಗ ಬಸವರಾಜು 'ನಿಲ್ಲಿಸಿ' ಒತ್ತಿ ನೋಡಿದ್ದರು, ಬೆಲ್ಟ್ ನಿಂತಿತ್ತು. ಟೀ ಆದ ಮೇಲೆ ಪ್ಯಾಕ್ ಆದ ಡಬ್ಬಗಳ ವಿವರ ತುಂಬಿ 'ಉಳಿಸಿ' ಒತ್ತಿದರು. 'ಉಳಿಸಲಾಗಿದೆ' ಎಂಬ ಸಂದೇಶ ಕೆಳಗೆ ಮೂಡಿ ಮಾಯವಾಯಿತು. ಅದಾದ ಸ್ವಲ್ಪ ಹೊತ್ತಿಗೆ ಮಂಜುಳಾ ಅವರ ಕೈ ಸಿಕ್ಕಿದ್ದು.

ಅವರನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ಕಾರ್ಖಾನೆಯ ಮ್ಯಾನೇಜರ್ ಕೋಣೆಯಲ್ಲಿ ಎಲ್ಲರೂ ಕೂತೆವು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಫೋನಿನಲ್ಲಿದ್ದರು. ಆ್ಯಪಿನಲ್ಲಿ ಯಾವ ಬಟನ್ ಒತ್ತಿದರೂ ಅದು ಸರ್ವರಿನಲ್ಲಿ ದಾಖಲಾಗುತ್ತದೆ; ಆ ದಾಖಲೆಗೆ ಲಾಗ್ ಎನ್ನುತ್ತೇವೆ. ಅವರು ಅದನ್ನು ತೆರೆದು ನೋಡಿ, ಮೆತ್ತಗಿನ ದನಿಯಲ್ಲಿ, ಬೆಳಗ್ಗೆ ಒಂದು ಸಲ ಒತ್ತಿದ್ದು ಮಾತ್ರ ಇದೆ, ಆಮೇಲೆ 'ನಿಲ್ಲಿಸಿ' ಒತ್ತಿಯೇ ಇಲ್ಲ ಎಂದರು. ಅಂಥ ಹೊತ್ತಿನಲ್ಲಿ ಯಾರಿಗಾದರೂ ಗಾಬರಿಯಾಗುತ್ತದೆ, ಅದು ಸಹಜ ಎಂದೂ ಸೇರಿಸಿದರು.

ಬಸವರಾಜು ಎದ್ದು ನಿಂತರು. "ಒತ್ತಿದೀನಿ ಸಾರ್" ಎಂದರು.

"ನಾನೂ ನೋಡಿದೆ, ಒತ್ತಿದರು" ಎಂದೆ. ಫೋನಿನಿಂದ ಪ್ರಾಜೆಕ್ಟ್ ಮ್ಯಾನೇಜರ್, "ನಾಗರಾಜ್ ಸಾರ್, ಕೈ ಅಲ್ಲಿಗೆ ಹೋಗಿರ್ಬಹುದು. ಟಚ್ ಆಗಿಲ್ಲ. ಲಾಗ್ ಸುಳ್ಳು ಹೇಳಲ್ಲ ಅಲ್ವಾ?" ಎಂದರು. ಆತ ಕೆಟ್ಟವರಲ್ಲ. ನಾವೆಲ್ಲರೂ ಹಾಗೇ ನಂಬಿದ್ದೆವು. ವಿಚಾರಣೆ ಮುಗಿಯುವವರೆಗೆ ಬಸವರಾಜು ಕೆಲಸಕ್ಕೆ ಬರುವುದು ಬೇಡವೆಂದು ಕಾರ್ಖಾನೆಯ ಮ್ಯಾನೇಜರ್ ಹೇಳಿದರು. ಅದೇ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿ ಸೇರಿ ಸೂಪರ್‌ವೈಸರ್ ಆದ ಮನುಷ್ಯ ತಮ್ಮ ಟಿಫನ್ ಡಬ್ಬಿ ತೆಗೆದುಕೊಂಡು ಹೊರಟರು. ಅದನ್ನು ಇನ್ನೂ ತೆರೆದಿರಲಿಲ್ಲ.

ಗೇಟಿನ ಬಳಿ ನನ್ನನ್ನು ನೋಡಿ ನಿಂತರು. "ನೀವ್ ನೋಡಿದ್ರಲ್ಲ ಸಾರ್. ಅಷ್ಟ್ ಸಾಕು ನಂಗೆ" ಎಂದರು. ಅಷ್ಟು ಸಾಲದೆಂದು ಇಬ್ಬರಿಗೂ ಗೊತ್ತಿತ್ತು.

ಚೈತ್ರಾ ವರ್ತೂರಿನವಳು. ಕೆರೆಯ ದಂಡೆಯ ಹೊಲ ಹೋಗಿ ಬಾಡಿಗೆ ಮನೆಗಳು ಎದ್ದಿರುವ ಮನೆತನ. ಅವಳು ಕೆಲಸಕ್ಕೆ ಸೇರಿದ್ದು ಹಟದಿಂದ. "ಬಾಡಿಗೆ ಬತ್ತದಲ್ಲ, ಇನ್ಯಾಕೆ ಇಂಗೆ ಒದ್ದಾಡ್ತೀಯ" ಎಂದು ಅವರಪ್ಪ ಕೇಳುತ್ತಾರೆಂದು ಅವಳೇ ಅಣಕಿಸಿ ತೋರಿಸುತ್ತಿದ್ದಳು. ಮಾತಿನ ಮಲ್ಲಿ. ಆವತ್ತು ಪೀಣ್ಯದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಬೈಯಪ್ಪನಹಳ್ಳಿ ದಾಟುವವರೆಗೂ ಬಾಯಿ ಬಿಡಲಿಲ್ಲ. ಏಟು ಕಂಡ ಆಘಾತ ಎಂದುಕೊಂಡೆ.

ಆಮೇಲೆ ಹೇಳಿದಳು. "ಸಾರ್, ಅವ್ರು ಒತ್ತಿದ್ದಾರೆ. ನಂಗೆ ಗೊತ್ತು."

ನೀನೂ ನೋಡಿದೆಯಲ್ಲ ಎಂದೆ.

"ಅದಲ್ಲ ಸಾರ್. ಉಳಿಸಿ ಒತ್ತಿ, ಆಮೇಲೆ ನಿಲ್ಲಿಸಿ ಒತ್ತೋ ಟೆಸ್ಟ್ ಇದೆಯಲ್ಲ, ಅದು ಕೆಂಪು ಬಂದಿತ್ತು. ಬಟನ್ ಮೇಲೆ ಇನ್ನೇನೋ ಇದೆ, ಒತ್ತಕ್ಕಾಗ್ತಿಲ್ಲ ಅಂತ ಬರ್ದಿತ್ತು. ನಾನು ಪರದೆ ನೋಡ್ದೆ, ಮೇಲೆ ಏನೂ ಇರ್ಲಿಲ್ಲ. ಬಲವಂತ ಹಾಕ್ದೆ. ಹಸಿರಾಯ್ತು. ಕಂಪ್ಯೂಟರ್ ಹೇಳಿತ್ತು ಸಾರ್. ನಾನೇ ಬಾಯಿ ಮುಚ್ಚಿಸ್ದೆ" ಎಂದಳು.

ಹೇಳಬೇಕಾದದ್ದು ನನಗಲ್ಲ, ಗೀತಾ ಮೇಡಂಗೆ ಎಂದು ಅವಳಿಗೇ ತಿಳಿದಿತ್ತು. ಕೊನೆಯ ನಿಲ್ದಾಣದಲ್ಲಿ ಇಳಿದು ಅವಳು ಮನೆಯ ಕಡೆ ತಿರುಗಲಿಲ್ಲ; ನನ್ನ ಜೊತೆ ಆಫೀಸಿಗೆ ಬಂದಳು.

ಗೀತಾ ಮೇಡಂ ಪೂರ್ತಿ ಕೇಳಿದರು. ಯಾರು, ಯಾಕೆ ಎನ್ನಲಿಲ್ಲ. "ಮಾಡಿ ತೋರ್ಸು" ಎಂದರು. ಚೈತ್ರಾ ಅಂಥದೇ ಟ್ಯಾಬಿನಲ್ಲಿ ವಿವರ ತುಂಬಿ 'ಉಳಿಸಿ' ಒತ್ತಿದಳು. ಸಂದೇಶ ಮೂಡಿತು, ಮಾಯವಾಯಿತು. ಆಮೇಲೆ 'ನಿಲ್ಲಿಸಿ' ಒತ್ತಿದಳು. ಏನೂ ಆಗಲಿಲ್ಲ. ಮೇಡಂ ತಾವೇ ಒತ್ತಿದರು. ನಾನೂ ಒತ್ತಿದೆ. ಕೆಂಪು ಬಟನ್ ಕಣ್ಣೆದುರಿಗಿತ್ತು, ಆದರೆ ನಮ್ಮ ಬೆರಳು ಅದನ್ನು ಮುಟ್ಟುತ್ತಿರಲಿಲ್ಲ. ಸಂದೇಶದ ಅಕ್ಷರ ಮಾಯವಾದರೂ ಅದನ್ನು ಹೊತ್ತಿದ್ದ ಪೆಟ್ಟಿಗೆ ಉಳಿದಿತ್ತು: ಪರದೆಯಷ್ಟು ಅಗಲ, ಬಣ್ಣವಿಲ್ಲ, ಕಾಣುವುದಿಲ್ಲ. ಬೆರಳಿನ ಒತ್ತೆಲ್ಲ ಅದಕ್ಕೆ ಬೀಳುತ್ತಿತ್ತು. ಬಟನ್ನಿಗೆ ತಲುಪದ ಒತ್ತು ದಾಖಲೂ ಆಗುವುದಿಲ್ಲ. ಸಂದೇಶವನ್ನು ಬೇರೆಯಾಗಿ ಪರೀಕ್ಷಿಸಿದ್ದೆವು, ಪಾಸ್. ಬಟನ್ನನ್ನು ಬೇರೆಯಾಗಿ ಪರೀಕ್ಷಿಸಿದ್ದೆವು, ಪಾಸ್. ಎರಡೂ ಕೂಡಿದ ಕಡೆ ಬಂದ ಒಂದೇ ಒಂದು ಕೆಂಪನ್ನು ಹಸಿರು ಮಾಡಿದ್ದೆವು.

ಪ್ರಾಜೆಕ್ಟ್ ಮ್ಯಾನೇಜರ್ ಬಂದು ನೋಡಿ, ಮುಖ ಒರೆಸಿಕೊಂಡರು. ಮೊದಲು ಸರಿಮಾಡಿ ಕಳಿಸೋಣ, ಕಾರ್ಖಾನೆಯವರಿಗೆ ಹೇಗೆ ಹೇಳಬೇಕೆಂದು ಮೇಲಿನವರನ್ನು ಕೇಳಿ ನಿಧಾನವಾಗಿ ಯೋಚಿಸೋಣ ಎಂದರು.

ಗೀತಾ ಮೇಡಂ ಟ್ಯಾಬನ್ನು ಅವರ ಕೈಗೆ ಕೊಟ್ಟರು. "ಅಲ್ಲೊಬ್ರನ್ನ ಮನೇಲಿ ಕೂರ್ಸಿದ್ದಾರೆ. ನೀವು ನಿಧಾನ ಮಾಡಿದಷ್ಟು ಹೊತ್ತೂ ಅವರು ಕೂತೇ ಇರ್ತಾರೆ. ಈಗ ಫೋನ್ ಮಾಡಿ."

ಅವರು ಅಲ್ಲೇ ನಿಂತು ಫೋನ್ ಮಾಡಿದರು. ಅದಕ್ಕಾಗಿ ಅವರಿಗೂ ನಾನು ಋಣಿ. ಅಷ್ಟನ್ನೂ ಮಾಡದವರು ಇರುತ್ತಾರೆ.

ಮರುದಿನ ನಾವೆಲ್ಲ ಪೀಣ್ಯಕ್ಕೆ ಹೋದೆವು. ಮೇಡಂ ಕೋಣೆಯೊಳಗೆ ಕೂರಲು ಒಪ್ಪಲಿಲ್ಲ. ಮಾತು ಹುಟ್ಟಿದ್ದು ಬೆಲ್ಟಿನ ಪಕ್ಕ, ಅಲ್ಲೇ ತೋರಿಸುತ್ತೇವೆ ಎಂದರು. ಬಸವರಾಜು ಅವರನ್ನು ಕರೆಸಿದ್ದರು. ಪಾಳಿಯವರೆಲ್ಲ ಸುತ್ತ ನಿಂತರು. ಖಾಲಿ ಬೆಲ್ಟ್ ಓಡುತ್ತಿತ್ತು. "ನೀವೇ ಒತ್ತಿ ತೋರ್ಸಿ" ಎಂದು ಮೇಡಂ ಬಸವರಾಜು ಅವರಿಗೆ ಹೇಳಿದರು. ಅವರು ಕೈ ಹಿಂದೆ ಕಟ್ಟಿಕೊಂಡರು.

"ನಾನ್ ಒತ್ತಾಯ್ತು ಮೇಡಂ. ಈಗ ನೀವ್ ಒತ್ತಿ."

ಮೇಡಂ ವಿವರ ತುಂಬಿ ಉಳಿಸಿ, 'ನಿಲ್ಲಿಸಿ' ಒತ್ತಿದರು. ಬೆಲ್ಟ್ ಓಡುತ್ತಲೇ ಇತ್ತು. ಕಾರ್ಖಾನೆಯ ಮ್ಯಾನೇಜರ್ ಒತ್ತಿದರು. ಓಡುತ್ತಲೇ ಇತ್ತು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಎರಡೂ ಕೈಯ ಬೆರಳಿನಿಂದ ಒತ್ತಿದರು. ಆಚೆ ಬದಿಯಿಂದ ಸಿದ್ದರಾಜು, "ಸಾರ್, ಗಾಬ್ರಿ ಆಗ್ಬೇಡಿ, ನಾನಿದೀನಿ" ಎಂದು ಹಗ್ಗ ಎಳೆದರು. ಎಲ್ಲರೂ ನಕ್ಕರು, ಪ್ರಾಜೆಕ್ಟ್ ಮ್ಯಾನೇಜರರೂ. ಬಸವರಾಜು ಮಾತ್ರ ನಗಲಿಲ್ಲ. ಅಂಗಿಯ ತೋಳಿನಿಂದ ಕಣ್ಣೊತ್ತಿಕೊಂಡರು.

ಚೈತ್ರಾ ಬಸವರಾಜು ಅವರ ಮುಂದೆ ಹೋಗಿ ತಾನು ಮಾಡಿದ್ದನ್ನು ಹೇಳಿದಳು. ಯಾರೂ ಹೇಳು ಎಂದಿರಲಿಲ್ಲ. ಬಸವರಾಜು ಅವಳನ್ನು ನೋಡಿದರು. ಸಿಟ್ಟು ಇತ್ತು, ಇರಲಿಲ್ಲವೆಂದು ನಾನು ಬರೆಯಲಾರೆ. ಆಮೇಲೆ ಅವಳನ್ನು ಪಕ್ಕದ ಹಳೆಯ ಪ್ರೆಸ್ ಯಂತ್ರದ ಬಳಿ ಕರೆದೊಯ್ದು ಅದರ ಬಾಗಿಲು ತೋರಿಸಿದರು. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು, ಅದಕ್ಕೊಂದು ಸೆನ್ಸರ್. ಅದು ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುತ್ತದೆಂದು ಯಾರೋ ಯಾವಾಗಲೋ ಅದಕ್ಕೆ ಕಪ್ಪು ಟೇಪ್ ಸುತ್ತಿದ್ದರು.

"ಇದು ನಮ್ದು" ಎಂದರು. "ನೀನೂ ಟೇಪೇ ಸುತ್ತಿರೋದು ಕಣಮ್ಮ. ಹೋಗು, ನಿಂದ್ ನೀನ್ ಬಿಚ್ಚು. ನಮ್ದ್ ನಾವ್ ಬಿಚ್ತೀವಿ." ಉಗುರಿನಿಂದ ಕೆರೆದು ಟೇಪಿನ ತುದಿ ಹುಡುಕಿ, ನಮ್ಮೆದುರಿಗೇ ಎಳೆದು ಬಿಚ್ಚಿದರು.

ಚೈತ್ರಾಳ ಕೆಲಸ ಹೋಗಲಿಲ್ಲ. ಗೀತಾ ಮೇಡಂ ಹೋಗಗೊಡಲಿಲ್ಲ. ಇಡೀ ಕೋಣೆ ಕೂತು ಬಲವಂತದ ಪದವನ್ನು ಹುಡುಕಿ ತೆಗೆಯಿತು. ನಾವು ಎಣಿಸಲು ಹೆದರುವಷ್ಟು ಇತ್ತು. ಆಮೇಲೆ ಅದಕ್ಕೆ ನಮ್ಮಲ್ಲಿ ಹೆಸರೇ ಬದಲಾಯಿತು. ಯಾರಾದರೂ ಕೆಂಪನ್ನು ಬೇಗ ಹಸಿರು ಮಾಡಿ ಎದ್ದರೆ ಪಕ್ಕದವರು ಕೇಳುತ್ತಿದ್ದರು: "ಮಗಾ, ಸರಿ ಮಾಡಿದ್ಯಾ, ಟೇಪ್ ಸುತ್ತಿದ್ಯಾ?" ನಾನು ನಿವೃತ್ತನಾದ ದಿನ ಹುಡುಗರು ಕಪ್ಪು ಟೇಪಿನ ಒಂದು ಸುರುಳಿಯನ್ನು ಹಾರದಂತೆ ಕಟ್ಟಿ ಕೊರಳಿಗೆ ಹಾಕಿ ಕಳಿಸಿದರು. ಮನೆಯಲ್ಲಿದೆ. ಒಮ್ಮೆಯೂ ಬಳಸಿಲ್ಲ.

ಹೊಸಬರಿಗೆ ನನ್ನಲ್ಲಿ ದೊಡ್ಡ ಬೋಧನೆ ಇಲ್ಲ. ಯಂತ್ರ ಕೆಂಪು ತೋರಿಸಿದರೆ ಅದು ಹೇಳುವುದನ್ನು ಒಮ್ಮೆ ಪೂರ್ತಿ ಓದಿ. ಮನುಷ್ಯ ಒತ್ತಿದೆ ಎಂದರೆ, ದಾಖಲೆ ಇಲ್ಲ ಎನ್ನುವ ಮೊದಲು, ಅವನ ಬೆರಳಿಗೂ ದಾಖಲೆಗೂ ನಡುವೆ ಏನಿದೆ ಎಂದು ನೋಡಿ. ಅದು ಕಾಣದೇ ಇರಬಹುದು. ಇಷ್ಟು ಕಲಿಯಲು ನನಗೆ ಇಡೀ ವೃತ್ತಿ ಬೇಕಾಯಿತು, ಕಲಿಸಿದವರು ಒಳ್ಳೆಯವರಾಗಿದ್ದರು. ಇದಕ್ಕಿಂತ ಹೆಚ್ಚನ್ನು ನಾನು ಬಯಸಿರಲಿಲ್ಲ.

ಬಸವರಾಜು ಅದೇ ಲೈನಿಗೆ ಮರಳಿದರು, ಅಲ್ಲೇ ನಿವೃತ್ತರಾದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಈಗ ಅವರು ಹೇಳಲು ಇಲ್ಲ. ಆದರೆ ಅವರು ಒತ್ತಿದ್ದನ್ನು ಕಣ್ಣಾರೆ ಕಂಡವರು ಇದ್ದೇವೆ. ನಾನಿದ್ದೇನೆ. ಚೈತ್ರಾ ಇದ್ದಾಳೆ, ಈಗ ಬ್ರೂಕ್‌ಫೀಲ್ಡಿನ ಕಡೆ ಬೇರೊಂದು ಕಂಪನಿಯಲ್ಲಿ ತಾನೇ ಒಂದು ತಂಡವನ್ನು ನೋಡಿಕೊಳ್ಳುತ್ತಾಳೆ. ಸಿದ್ದರಾಜು ದಾಸರಹಳ್ಳಿಯಲ್ಲಿದ್ದಾರೆ. ಬೆಲ್ಟಿನ ಆಚೆ ನಿಂತಿದ್ದರೂ ಅವರ ಮುಖ ನಮ್ಮ ಕಡೆಗಿತ್ತು, ಅವರಿಗೂ ಕಂಡಿದೆ. ಮಂಜುಳಾ ಇದ್ದಾರೆ. ಎಲ್ಲರಿಗಿಂತ ಹತ್ತಿರದಿಂದ ಕಂಡವರು ಅವರು. ಕೈ ಒಳಗೆ ಹೋಗುತ್ತಿದ್ದಾಗ ಅವರು ನೋಡುತ್ತಿದ್ದದ್ದು ಬಸವರಾಜು ಅವರ ಬೆರಳನ್ನೇ.

ತಿಥಿಯ ದಿನ ಮಂಜುಳಾ ಅವರೂ ಬಂದಿದ್ದರು. ಪಂಕ್ತಿಯ ಮಾತನ್ನು ಅವರಿಗೆ ಹೇಳಿದೆ. ಅವರು ಎದ್ದು, ಸೌಟು ಹಿಡಿದು ನಿಂತಿದ್ದ ಬಸವರಾಜು ಅವರ ಮಗನ ಹತ್ತಿರ ಹೋದರು. "ನಿಮ್ಮಪ್ಪ ಒತ್ತಿದ್ರು ಕಣಪ್ಪ. ನಾನ್ ನೋಡ್ತಿದ್ದೆ" ಎಂದರು. ಆಮೇಲೆ ಅವನ ಕೈಯಿಂದ ಸೌಟು ತೆಗೆದುಕೊಂಡು ಉಳಿದ ಪಂಕ್ತಿಗೆ ತಾವೇ ಬಡಿಸಿದರು. ಬಲಗೈಯಲ್ಲಿ.